ಮಾವನ ಫೋಲ್ಡರ್

ತುಲಾವರ್ಷದ, ಅಂದರೆ ಹಿಂಗಾರು ಮಳೆಯ, ಮಧ್ಯಾಹ್ನಗಳಲ್ಲಿ ಕೊಚ್ಚಿಯ ಪಾಲಾರಿವಟ್ಟಂನ ಮನೆಮನೆಗಳಲ್ಲೂ ಒಂದೇ ಕೆಲಸ ನಡೆಯುತ್ತದೆ. ಪೂರ್ವದ ಕಡೆಯಿಂದ ಮೊದಲ ಗುಡುಗು ಕೇಳಿಸಿದ್ದೇ ಟೀವಿ, ಫ್ರಿಜ್ಜು, ಇಂಟರ್ನೆಟ್ಟಿನ ಮೋಡೆಮ್ ಎಲ್ಲದರ ಪ್ಲಗ್ಗನ್ನೂ ಕಿತ್ತು ಬದಿಗಿಡುತ್ತಾರೆ. ಕಾಸರಗೋಡಿನಲ್ಲಿ ಬೆಳೆದ ನನಗೆ ಇದು ಹೊಸತಲ್ಲ. ಅಲ್ಲಿಯೂ ತುಲಾ ತಿಂಗಳ ಸಿಡಿಲಿಗೆ ಹೆದರಿ ಮೈನ್ ಸ್ವಿಚ್ಚನ್ನೇ ಆರಿಸಿಬಿಡುವವರಿದ್ದಾರೆ. ಮಳೆ ಬಿಟ್ಟ ಮೇಲೆ ಮನೆಯಲ್ಲಿ ಯಾರ ಕೈಗೆ ಯಾವುದು ಸಿಗುತ್ತದೋ ಆ ಪ್ಲಗ್ಗನ್ನು ಅವರು ಮತ್ತೆ ಸಿಕ್ಕಿಸುತ್ತಾರೆ. ಯಾವುದು ಮೊದಲು, ಯಾವುದು ಆಮೇಲೆ ಎಂಬ ಲೆಕ್ಕ ಅವರಿಗಿಲ್ಲ. ಇರಬೇಕಾದ ಕಾರಣವೂ ಇಲ್ಲ.

ಕಂಪ್ಯೂಟರುಗಳಿಗೆ ಮಾತ್ರ ಆ ಲೆಕ್ಕ ಬೇಕು. ನಮ್ಮ ಮನೆಯಲ್ಲಿ ಹಾಲಿನ ಮೂಲೆಯ ಕಪಾಟಿನೊಳಗೆ ಅಂಗೈಯಗಲದ ಒಂದು ರಾಸ್‌ಬೆರಿ ಪೈ ಇದೆ, ಅದಕ್ಕೆ ಅಂಟಿಕೊಂಡು ದೊಡ್ಡದೊಂದು ಹಾರ್ಡ್ ಡಿಸ್ಕ್. ಮನೆಯವರ ಫೋಟೋ, ಕಾಗದಪತ್ರ, ಹಾಡು, ಎಲ್ಲವೂ ಅದರಲ್ಲಿ. ಉಳಿದ ಲ್ಯಾಪ್‌ಟಾಪುಗಳು ನೆಟ್‌ವರ್ಕಿನ ಮೂಲಕ ಅದರೊಳಗಿನ ಫೋಲ್ಡರುಗಳನ್ನು ತಮ್ಮದೇ ಫೋಲ್ಡರುಗಳೆಂಬಂತೆ ಬಳಸುತ್ತವೆ. ಕರೆಂಟು ಬಂದಾಗ ಲ್ಯಾಪ್‌ಟಾಪು ಅರ್ಧ ನಿಮಿಷದಲ್ಲಿ ಎದ್ದು ಕೂರುತ್ತದೆ. ಡಿಸ್ಕ್ ತಿರುಗಿ, ಪೈ ಸಿದ್ಧವಾಗಲು ಇನ್ನೊಂದಿಷ್ಟು ಹೊತ್ತು. ಮೋಡೆಮ್ ಎಲ್ಲಕ್ಕಿಂತ ನಿಧಾನ. ಎಲ್ಲರಿಗಿಂತ ಮೊದಲು ಎದ್ದ ಲ್ಯಾಪ್‌ಟಾಪು ಫೋಲ್ಡರನ್ನು ಹುಡುಕುವ ಹೊತ್ತಿಗೆ ಅದನ್ನು ಕೊಡಬೇಕಾದ ಯಂತ್ರ ಇನ್ನೂ ಎದ್ದಿರುವುದಿಲ್ಲ. ಒಮ್ಮೆ ಹುಡುಕಿ ಕೈಬಿಟ್ಟರೆ ಅದು ಮತ್ತೆ ತಾನಾಗಿ ಹುಡುಕುವುದೂ ಇಲ್ಲ.

ಇದು ಮುಖ್ಯವೆನಿಸಿದ್ದು ಮಾವನಿಂದ. ಸೋದರಮಾವ. ಬದಿಯಡ್ಕದ ಹತ್ತಿರ ಕನ್ನಡ ಮಾಧ್ಯಮದ ಹೈಸ್ಕೂಲಿನಲ್ಲಿ ಮೇಷ್ಟ್ರಾಗಿ ನಿವೃತ್ತರಾದವರು. ಅತ್ತೆ ಹೋದ ಮೇಲೆ ಆಟಿಯಿಂದ ದೀಪಾವಳಿಯ ತನಕ ನಮ್ಮಲ್ಲಿರುವುದು ರೂಢಿಯಾಗಿದೆ. ಎರ್ನಾಕುಳಂ ನಾರ್ತಿನಲ್ಲಿ ರೈಲಿಳಿದು, ಟೌನ್ ಹಾಲಿನಲ್ಲಿ ಮೆಟ್ರೋ ಹತ್ತಿ ಪಾಲಾರಿವಟ್ಟಂಗೆ ತಾವೇ ಬರುತ್ತಾರೆ. ಸ್ಟೇಷನ್ನಿಗೆ ಯಾರೂ ಬರುವುದು ಬೇಡ ಎನ್ನುತ್ತಾರೆ. ಅವರ ಚೀಲದಲ್ಲಿ ಬಟ್ಟೆಗಿಂತ ಹೆಚ್ಚು ಕ್ಯಾಸೆಟ್ಟುಗಳಿರುತ್ತವೆ. ಎಂಬತ್ತು, ತೊಂಬತ್ತರ ದಶಕಗಳಲ್ಲಿ ಕುಂಬಳೆ, ಪೆರ್ಲ, ಮುಳ್ಳೇರಿಯದ ಕಡೆ ನಡೆದ ತಾಳಮದ್ದಳೆಗಳನ್ನು ಅವರೂ ಅವರ ಸ್ನೇಹಿತರೂ ಟೇಪ್ ರೆಕಾರ್ಡರಿನಲ್ಲಿ ಹಿಡಿದಿಟ್ಟಿದ್ದಾರೆ. ಅವನ್ನು ಕಂಪ್ಯೂಟರಿಗೆ ಇಳಿಸುವುದು, ಕೇಳುತ್ತ ಕೇಳುತ್ತ ಅರ್ಥಗಾರಿಕೆಯ ಮಾತುಗಳನ್ನು ಅಕ್ಷರಕ್ಕಿಳಿಸುವುದು ಅವರು ತಮಗೆ ತಾವೇ ಹಚ್ಚಿಕೊಂಡ ಕೆಲಸ. ಸಂಕುಚಿಸದೆ ಸಿಡಿ ಗುಣಮಟ್ಟದಲ್ಲಿ ಉಳಿಸಿದರೆ ಒಂದು ನಿಮಿಷದ ಧ್ವನಿಗೆ ಸುಮಾರು 10 ಎಂಬಿ ಬೇಕು; ತೊಂಬತ್ತು ನಿಮಿಷದ ಒಂದು ಕ್ಯಾಸೆಟ್ಟಿಗೆ ಹತ್ತಿರ ಹತ್ತಿರ ಒಂದು ಜಿಬಿ. ಒಂದು ರಾತ್ರಿಯ ಕೂಟಕ್ಕೆ ನಾಲ್ಕೈದು ಕ್ಯಾಸೆಟ್ಟು. ಅವರ ಹಳೆಯ ಲ್ಯಾಪ್‌ಟಾಪಿನಲ್ಲಿ ಅಷ್ಟಕ್ಕೆ ಜಾಗವಿಲ್ಲ. ಹಾಗಾಗಿ ಎಲ್ಲವೂ ಕಪಾಟಿನ ಡಿಸ್ಕಿನಲ್ಲಿ.

ಮಾವ ಕಂಪ್ಯೂಟರಿಗೆ ಅಂಜುವವರಲ್ಲ. ಕೇರಳದ ಶಾಲೆಗಳಲ್ಲಿ 2001ರಲ್ಲಿ ಐಟಿ@ಸ್ಕೂಲ್ ಯೋಜನೆ ಶುರುವಾದ ಬಳಿಕ ಮೇಷ್ಟ್ರುಗಳಿಗೆ ಕೊಟ್ಟ ತರಬೇತಿಯಲ್ಲಿ ಕಲಿತವರು. ಕೇರಳ ಆಗ ತೆಗೆದುಕೊಂಡ ನಿರ್ಧಾರದ ಬಗ್ಗೆ ನನಗೆ ಇಂದಿಗೂ ಗೌರವವಿದೆ. ಶಾಲೆಯ ಕಂಪ್ಯೂಟರುಗಳೆಲ್ಲ ಸ್ವತಂತ್ರ ತಂತ್ರಾಂಶಕ್ಕೆ, ಲಿನಕ್ಸಿಗೆ ಹೊರಳಿದವು. 2017ರಲ್ಲಿ ಆ ಯೋಜನೆಯೇ ಕೈಟ್ ಎಂಬ ಸರ್ಕಾರಿ ಕಂಪನಿಯಾಯಿತು. ತಿರುವನಂತಪುರದ ಪೂಜಪ್ಪುರದಲ್ಲಿ ಅದರ ಕಚೇರಿ. ಮಲಯಾಳ, ಇಂಗ್ಲಿಷ್, ತಮಿಳು, ಕನ್ನಡ ನಾಲ್ಕೂ ಮಾಧ್ಯಮದ ಮಕ್ಕಳಿಗೆ ಒಂದೇ ವ್ಯವಸ್ಥೆ. ಮಂಜೇಶ್ವರದ ಕನ್ನಡ ಶಾಲೆಯ ಹುಡುಗಿಯೂ ತಿರುವನಂತಪುರದ ಹುಡುಗನೂ ತೆರೆಯುವುದು ಒಂದೇ ಪರದೆಯನ್ನು. ಕಾಸರಗೋಡಿನ ಕನ್ನಡಿಗರಿಗೆ, ಊರು ಕೇರಳಕ್ಕೆ ಸೇರಿದ 1956ರಿಂದ ಈಚೆಗೆ, ತಿರುವನಂತಪುರದಿಂದ ಬಂದದ್ದೆಲ್ಲ ಹಿತವಾಗಿರಲಿಲ್ಲ ಎಂಬುದು ನಿಜ. ಇದೊಂದು ಹಿತವಾದದ್ದು. ಮಾವನ ಲ್ಯಾಪ್‌ಟಾಪಿನಲ್ಲಿರುವುದೂ ಲಿನಕ್ಸೇ.

ಹೀಗಿದ್ದೂ ಪ್ರತಿ ಸಲ ಕರೆಂಟು ಹೋಗಿ ಬಂದಾಗ ಅವರು ನನ್ನ ಕೋಣೆಯ ಬಾಗಿಲಿಗೆ ಬಂದು ನಿಲ್ಲಬೇಕಾಗುತ್ತಿತ್ತು. “ಮಾರಾಯಾ, ಕರೆಂಟು ಬಂತು, ಅದು ಬರ್ಲಿಲ್ಲ. ಒಮ್ಮೆ ತೆರೆದು ಕೊಡ್ತೀಯಾ?” ನಾನು ಕಾಕ್ಕನಾಡಿನ ಆಫೀಸಿನಲ್ಲಿದ್ದರೆ ಸಂಜೆಯವರೆಗೆ ಕಾಯುತ್ತಿದ್ದರು. ಫೋನು ಮಾಡಿ ತೊಂದರೆ ಕೊಡುವ ಸ್ವಭಾವ ಅವರದಲ್ಲ. ಬದುಕಿಡೀ ಮಕ್ಕಳಿಗೆ ಪಾಠ ಹೇಳಿದವರು ತಮ್ಮದೇ ಬರಹದ ಮುಂದೆ ಕೈಕಟ್ಟಿ ಕಾಯುವುದು ನನಗೆ ಸರಿ ಕಾಣಲಿಲ್ಲ. ತಿಳಿದವರು ಒಮ್ಮೆ ಕೂತು ಸರಿಮಾಡಿದರೆ ಮುಗಿಯುವ ಕೆಲಸವನ್ನು ದಿನವೂ ಇನ್ನೊಬ್ಬರು ಬೇಡಿ ಪಡೆಯುವಂತೆ ಇಟ್ಟುಕೊಳ್ಳಬಾರದು.

ನಮ್ಮ ಜಂಕ್ಷನ್ನಿನ ಸುತ್ತಲ ಸಣ್ಣ ಆಫೀಸುಗಳಲ್ಲೂ ಇದನ್ನು ಕಾಣಬಹುದು. ಲೆಕ್ಕಪತ್ರದವರು, ವಕೀಲರು, ಟ್ರಾವೆಲ್ಸಿನವರು. ಒಂದು ಕಂಪ್ಯೂಟರಿನಲ್ಲಿ ಟ್ಯಾಲಿಯ ದತ್ತಾಂಶ, ಉಳಿದವುಗಳಿಂದ ಅದಕ್ಕೆ ಹಂಚಿಕೆ. ಬೆಳಿಗ್ಗೆ ವಿಂಡೋಸ್ ತೆರೆದಾಗ ಮೂಲೆಯಲ್ಲಿ ಒಂದು ಸೂಚನೆ ಬರುತ್ತದೆ: ನೆಟ್‌ವರ್ಕ್ ಡ್ರೈವುಗಳನ್ನೆಲ್ಲ ಮತ್ತೆ ಜೋಡಿಸಲಾಗಲಿಲ್ಲ ಎಂದು. ಜ಼ೆಡ್ ಡ್ರೈವಿನ ಮೇಲೆ ಕೆಂಪು ಗುರುತು. ಮೊದಲು ಬಂದವರು ದತ್ತಾಂಶವಿರುವ ಕಂಪ್ಯೂಟರನ್ನೇ ಮೊದಲು ಹಚ್ಚಬೇಕು ಎಂಬ ನಿಯಮ ಗೋಡೆಯ ಮೇಲೆ ಬರೆದಿರುತ್ತದೆ. ಯಂತ್ರ ಕಲಿಯಬೇಕಾದ ಕ್ರಮವನ್ನು ಮನುಷ್ಯರು ಕಲಿತಿರುತ್ತಾರೆ.

ಈ ತೊಡಕು ನಲವತ್ತು ವರ್ಷ ಹಳೆಯದು. ಸನ್ ಮೈಕ್ರೋಸಿಸ್ಟಮ್ಸ್ 1984ರಲ್ಲಿ ಎನ್‌ಎಫ್‌ಎಸ್ ಎಂಬ ಜಾಲ ಕಡತ ವ್ಯವಸ್ಥೆಯನ್ನು ರೂಪಿಸಿತು. ದೂರದ ಯಂತ್ರದ ಡಿಸ್ಕನ್ನು ಹತ್ತಿರದ್ದರಂತೆ ಬಳಸುವ ಆ ಯೋಜನೆಯಲ್ಲಿ ನನಗೆ ಬಹಳ ಇಷ್ಟವಾಗುವ ಒಂದು ಅಂಶವಿದೆ. ಅದರ ಮೊದಲ ಆವೃತ್ತಿಗಳಲ್ಲಿ ಕಡತ ಕೊಡುವ ಯಂತ್ರ, ಅಂದರೆ ಸರ್ವರ್, ಯಾರು ಯಾವ ಕಡತವನ್ನು ತೆರೆದಿದ್ದಾರೆಂದು ನೆನಪಿಟ್ಟುಕೊಳ್ಳುತ್ತಿರಲಿಲ್ಲ. ಕೇಳುವ ಯಂತ್ರ ಪ್ರತಿ ಸಲವೂ ಪೂರ್ತಿ ವಿವರ ಹೇಳಿಯೇ ಕೇಳಬೇಕು: ಈ ಕಡತ, ಇಲ್ಲಿಂದ, ಇಷ್ಟು. ಸರ್ವರ್ ನಡುವೆ ಆರಿಹೋಗಿ ಮತ್ತೆ ಎದ್ದರೂ ಏನೂ ಕೆಡುವುದಿಲ್ಲ, ಏಕೆಂದರೆ ಮರೆಯಲು ಅದರ ಬಳಿ ಏನೂ ಇರಲಿಲ್ಲ. ಕೇಳುವವನು ಅದೇ ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳುತ್ತಿರುತ್ತಾನೆ. ಉತ್ತರ ಬಂದೊಡನೆ ಎಲ್ಲಿ ನಿಂತಿತ್ತೋ ಅಲ್ಲಿಂದ ಮುಂದುವರಿಯುತ್ತಾನೆ. ಕರೆಂಟು ಹೋಗುವ ಊರಿಗೆಂದೇ ಮಾಡಿದಂತಿದೆ.

ಅದಕ್ಕೊಂದು ಬೆಲೆಯೂ ಇತ್ತು. ಉತ್ತರ ಬರುವ ತನಕ ಬಿಡದೆ ಕೇಳುವುದೆಂದರೆ, ಉತ್ತರ ಬರದಿದ್ದರೆ ಅಲ್ಲೇ ನಿಂತುಬಿಡುವುದು. ಫೋಲ್ಡರನ್ನು ತೆರೆದ ಕಿಟಕಿ ಅಲ್ಲಾಡುವುದಿಲ್ಲ. ಅದನ್ನು ಮುಚ್ಚಲು ಹೋದರೆ ಮುಚ್ಚುವ ಆಜ್ಞೆಗೂ ಓಗೊಡುವುದಿಲ್ಲ. ಇಂಥ ಕಡೆ ಸಿಕ್ಕಿಕೊಂಡ ಕೆಲಸವನ್ನು ಬಲವಂತದಿಂದಾದರೂ ಕೊನೆಗೊಳಿಸಲು ಲಿನಕ್ಸಿನಲ್ಲಿ ಸಾಧ್ಯವಾದದ್ದು 2008ರಲ್ಲಿ ಬಂದ 2.6.25ನೇ ಕರ್ನೆಲ್ಲಿನಿಂದ. ಸ್ವಲ್ಪ ಹೊತ್ತು ಕೇಳಿ ಸೋತರೆ ತಪ್ಪೆಂದು ಹೇಳಿ ಕೈಬಿಡುವ ಇನ್ನೊಂದು ಬಗೆಯೂ ಇದೆ, ‘ಸಾಫ್ಟ್’ ಎಂದು ಅದಕ್ಕೆ ಹೆಸರು. ಆದರೆ ಬರೆಯುತ್ತಿದ್ದ ಕಡತ ಅರ್ಧದಲ್ಲಿ ಕೈಬಿಟ್ಟರೆ ಆ ಅರ್ಧ ಹೋದಂತೆಯೇ. ಮಾವನ ಧ್ವನಿಕಡತಗಳ ಮಟ್ಟಿಗೆ ನಾನು ಕಾಯುವುದನ್ನೇ ಆರಿಸುತ್ತೇನೆ.

ಆ ಕಾಲದ ವಿಶ್ವವಿದ್ಯಾಲಯಗಳಲ್ಲಿ ನೂರಾರು ಯಂತ್ರಗಳು ಒಂದರ ಡಿಸ್ಕನ್ನು ಇನ್ನೊಂದು ಜೋಡಿಸಿಕೊಂಡಿರುತ್ತಿದ್ದವು. ಒಂದು ಮಲಗಿದರೆ ಅದನ್ನು ಕಾಯುತ್ತ ಹತ್ತು ಮಲಗುತ್ತಿದ್ದವು. ಅದಕ್ಕೆ ಸಿಕ್ಕ ಪರಿಹಾರ ಆಟೋಮೌಂಟರ್. 1988ರಲ್ಲಿ ಸನ್‌ಒಎಸ್ 4.0ರ ಜೊತೆ ಅದು ಬಂತು. ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ಯಾನ್ ಸೈಮನ್ ಪೆಂಡ್ರಿ ಅದೇ ಹೊತ್ತಿಗೆ ತಮ್ಮದೊಂದನ್ನು ಬರೆದರು. ಯಂತ್ರ ಏಳುವಾಗ ಯಾವ ಹೊರಗಿನ ಫೋಲ್ಡರನ್ನೂ ಜೋಡಿಸಬೇಡ. ಆ ಜಾಗದಲ್ಲಿ ಒಂದು ಖಾಲಿ ಬಾಗಿಲನ್ನಷ್ಟೇ ನಿಲ್ಲಿಸು. ಯಾರಾದರೂ ತಟ್ಟಿದ ಕ್ಷಣದಲ್ಲಿ ಹೋಗಿ ಜೋಡಿಸಿ ತೆರೆ. ಬಹಳ ಹೊತ್ತು ಯಾರೂ ಬಳಸದಿದ್ದರೆ ಕಳಚಿಡು. ಇಷ್ಟೇ ಅದರ ತಿರುಳು. ಇಂದಿನ ಹೆಚ್ಚಿನ ಲಿನಕ್ಸ್ ವಿತರಣೆಗಳಲ್ಲಿ ಈ ಕೆಲಸವನ್ನು, ಯಂತ್ರವನ್ನು ಎಬ್ಬಿಸುವ ಸಿಸ್ಟಮ್‌ಡಿ ಎಂಬ ತಂತ್ರಾಂಶ ಮಾಡುತ್ತದೆ. ಕರ್ನೆಲ್ಲಿನೊಳಗೆ ಆಟೋಎಫ್‌ಎಸ್ ಅದಕ್ಕೆ ಕೈಯಾಗುತ್ತದೆ.

ಮನೆಯಲ್ಲಿ ನಾನು ಬಳಸಿದ್ದು ಎನ್‌ಎಫ್‌ಎಸ್ ಅಲ್ಲ, ಸಾಂಬಾ. ನಮ್ಮವಳ ಆಫೀಸಿನ ಲ್ಯಾಪ್‌ಟಾಪು ವಿಂಡೋಸಿನದು, ಫೋನುಗಳೂ ಇವೆ. ಎಲ್ಲದರೊಡನೆ ಮಾತಾಡಬಲ್ಲದ್ದು ಅದು. ವಿಂಡೋಸ್ ಕಡತ ಹಂಚುವ ಎಸ್‌ಎಂಬಿ ಎಂಬ ಭಾಷೆ ಮೊದಲಿಗೆ ಐಬಿಎಂನಲ್ಲಿ ಹುಟ್ಟಿದ್ದು, 1983ರ ಸುಮಾರಿಗೆ. ಅದರ ಒಳಗುಟ್ಟು ಹೊರಗಿನವರಿಗೆ ಸಿಗುತ್ತಿರಲಿಲ್ಲ. ಆಸ್ಟ್ರೇಲಿಯಾದ ಕ್ಯಾನ್‌ಬೆರಾದಲ್ಲಿ ಸಂಶೋಧನ ವಿದ್ಯಾರ್ಥಿಯಾಗಿದ್ದ ಆಂಡ್ರ್ಯೂ ಟ್ರಿಜೆಲ್ ತಂತಿಯ ಮೇಲೆ ಓಡುವ ಸಂದೇಶಗಳನ್ನು ನೋಡಿ ನೋಡಿಯೇ ಅದನ್ನು ಅರ್ಥಮಾಡಿಕೊಂಡು 1992ರಲ್ಲಿ, ಆಮೇಲೆ ಸಾಂಬಾ ಎನಿಸಿದ ತಮ್ಮ ತಂತ್ರಾಂಶವನ್ನು ಎಲ್ಲರಿಗೂ ಉಚಿತವಾಗಿ ಕೊಟ್ಟರು. ಯುರೋಪಿನ ನ್ಯಾಯಾಲಯದ ತೀರ್ಪಿನ ಬಳಿಕ, 2007ರ ಡಿಸೆಂಬರಿನಲ್ಲಿ ಮೈಕ್ರೋಸಾಫ್ಟಿನ ದಾಖಲೆಗಳೂ ಸಾಂಬಾದವರ ಕೈಗೆ ಬಂದವು. ಬದಿಯಡ್ಕದ ಮೇಷ್ಟ್ರೊಬ್ಬರು ಒಂದು ರೂಪಾಯಿ ಪರವಾನಗಿಯ ಹಣ ಕೊಡದೆ ಕ್ಯಾಸೆಟ್ಟಿನ ಧ್ವನಿಯನ್ನು ಕಪಾಟಿನ ಡಿಸ್ಕಿಗೆ ಕಳಿಸಬಲ್ಲರೆಂದರೆ ಅದರ ಹಿಂದೆ ಇಷ್ಟು ಜನರ ತಾಳ್ಮೆಯಿದೆ.

ಒಂದು ಭಾನುವಾರ ಮಾವನನ್ನು ಪಕ್ಕದಲ್ಲಿ ಕೂರಿಸಿಕೊಂಡೇ ಕೆಲಸ ಶುರುಮಾಡಿದೆ. ಮೊದಲು ಮೋಡೆಮ್ಮಿನಲ್ಲಿ ಪೈಗೆ ಒಂದು ಖಾಯಂ ಐಪಿ ವಿಳಾಸ. ವಿಳಾಸ ದಿನಕ್ಕೊಂದಾದರೆ ಉಳಿದ ಯಾವ ಏರ್ಪಾಡೂ ನಿಲ್ಲದು. ಆಮೇಲೆ ಲ್ಯಾಪ್‌ಟಾಪಿನಲ್ಲಿ ಎಫ್‌ಎಸ್‌ಟ್ಯಾಬ್ ಎಂಬ ಕಡತ. ಯಾವ ಡಿಸ್ಕು ಎಲ್ಲಿ ಕೂರಬೇಕೆಂದು ಲಿನಕ್ಸ್ ಏಳುವಾಗ ಓದುವ ಪಟ್ಟಿ ಅದು. ಒಂದು ಡಿಸ್ಕಿಗೆ ಒಂದು ಸಾಲು. ನಮ್ಮ ಫೋಲ್ಡರಿಗೂ ಒಂದು ಸಾಲು ಸೇರಿಸಿದೆ: ಎಲ್ಲಿಂದ, ಎಲ್ಲಿಗೆ, ಯಾವ ಬಗೆ, ಕೊನೆಗೆ ಅಲ್ಪವಿರಾಮ ಹಾಕುತ್ತ ಷರತ್ತುಗಳು. ಎಲ್ಲ ಇರುವುದು ಆ ಷರತ್ತುಗಳಲ್ಲೇ.

‘ನೆಟ್‌ಡೆವ್’ ಎಂದರೆ ಇದು ನೆಟ್‌ವರ್ಕಿನಾಚೆಯದು, ನೆಟ್‌ವರ್ಕ್ ಬರುವ ಮೊದಲು ಮುಟ್ಟಬೇಡ. ‘ನೋಫೇಲ್’ ಎಂದರೆ ಇದು ಸಿಗದಿದ್ದರೂ ಏಳುವುದನ್ನು ನಿಲ್ಲಿಸಬೇಡ. ಇದಿಲ್ಲದೆ ಸಾಮಾನ್ಯ ರೀತಿಯಲ್ಲಿ ಜೋಡಿಸಹೊರಟರೆ ಕಪ್ಪು ಪರದೆಯ ಮೇಲೆ ಒಂದೂವರೆ ನಿಮಿಷದ ಎಣಿಕೆ ಶುರುವಾಗುತ್ತದೆ. ಮನೆಯಲ್ಲಿ ಒಬ್ಬರೇ ಇರುವ ಹಿರಿಯರ ಮುಂದೆ ಅಂಥ ಪರದೆ ಬರಕೂಡದು. ಮೂರನೆಯದು ‘ಎಕ್ಸ್-ಸಿಸ್ಟಮ್‌ಡಿ.ಆಟೋಮೌಂಟ್’, ತಟ್ಟಿದಾಗ ತೆರೆಯುವ ಗುಣ. ಅದರ ಬೆನ್ನಿಗೇ ‘ಐಡಲ್-ಟೈಮ್‌ಔಟ್’, ಇಷ್ಟು ಹೊತ್ತು ಬಳಸದಿದ್ದರೆ ಕಳಚುವುದಕ್ಕೆ. ಇನ್ನೊಂದು ‘ಮೌಂಟ್-ಟೈಮ್‌ಔಟ್’, ಹತ್ತು ಸೆಕೆಂಡಿನೊಳಗೆ ಸಿಗದಿದ್ದರೆ ಇಲ್ಲವೆಂದು ಹೇಳಿಬಿಡುವುದಕ್ಕೆ. ಈ ಕೊನೆಯದನ್ನು ಜನ ಹೆಚ್ಚಾಗಿ ಬಿಟ್ಟುಬಿಡುತ್ತಾರೆ. ನನಗೆ ಅದು ಬೇಕೇ ಬೇಕೆನಿಸಿತು. ಇಲ್ಲದ್ದನ್ನು ಇಲ್ಲವೆಂದು ಬೇಗ ಹೇಳಿದರೆ ಮಾವ ಎದ್ದು ಹೋಗಿ ಕಪಾಟಿನ ಪ್ಲಗ್ಗು ನೋಡಿಯಾರು; ಸುಮ್ಮನೆ ಸುತ್ತುವ ಚಕ್ರ ತೋರಿಸಿದರೆ ತಮ್ಮ ಕೈಯಿಂದಲೇ ಏನೋ ಕೆಟ್ಟಿತೆಂದು ಭಾವಿಸಿಯಾರು.

‘ಯುಐಡಿ’ಯನ್ನೂ ಹೇಳಲೇಬೇಕು. ಜೋಡಿಸುವ ಕೆಲಸವನ್ನು ಯಂತ್ರದ ಯಜಮಾನನ ಹೆಸರಿನಲ್ಲಿ ಸಿಸ್ಟಮ್‌ಡಿ ಮಾಡುವುದರಿಂದ, ಕಡತಗಳೆಲ್ಲ ಅವನವೇ ಎಂಬಂತೆ ಕಾಣಿಸುತ್ತವೆ. ಮಾವ ಓದಬಹುದು, ಬರೆಯುವಂತಿಲ್ಲ. ಇವು ಇವರವು ಎಂದು ಅವರ ಬಳಕೆದಾರ ಸಂಖ್ಯೆಯನ್ನು ಸಾಲಿನಲ್ಲಿ ನಮೂದಿಸಿದ ಮೇಲೆ ಸರಿಯಾಯಿತು. “ಬರೆದವನು ನಾನು, ಹಕ್ಕು ಇನ್ನೊಬ್ಬನದಾ?” ಎಂದು ಅವರು ಕೇಳಿದ್ದು ನ್ಯಾಯವಾಗಿಯೇ ಇತ್ತು.

ಪಾಸ್‌ವರ್ಡನ್ನು ಆ ಸಾಲಿನೊಳಗೇ ಬರೆಯಬಹುದು. ಬರೆಯಬಾರದು. ಎಫ್‌ಎಸ್‌ಟ್ಯಾಬನ್ನು ಆ ಕಂಪ್ಯೂಟರಿಗೆ ಬಂದ ಯಾರು ಬೇಕಾದರೂ ಓದಬಲ್ಲರು. ಪಾಸ್‌ವರ್ಡಿಗೆ ಬೇರೊಂದು ಕಡತ ಮಾಡಿ, ಅದಕ್ಕೆ 600ರ ಅನುಮತಿ ಕೊಟ್ಟು, ಸಾಲಿನಲ್ಲಿ ಅದರ ದಾರಿಯನ್ನಷ್ಟೇ ಹೇಳಬೇಕು. ಹಂಚಿಕೆಯ ವಿಷಯದಲ್ಲಿ ಕೇರಳ ಒಮ್ಮೆ ಚೆನ್ನಾಗಿಯೇ ಬೆಚ್ಚಿಬಿದ್ದಿದೆ. 2017ರ ಮೇ ತಿಂಗಳಲ್ಲಿ ಜಗತ್ತಿನ ತುಂಬ ಹರಡಿದ ವಾನಕ್ರೈ ಎಂಬ ಕಂಪ್ಯೂಟರ್ ಹುಳು, ವಯನಾಡಿನ ತರಿಯೋಡ್ ಪಂಚಾಯತಿನ ಕಂಪ್ಯೂಟರುಗಳಲ್ಲೂ ಕಡತಗಳಿಗೆ ಬೀಗ ಜಡಿದು ಹಣ ಕೇಳಿತ್ತು. ಬ್ರಿಟನ್ನಿನ ಆಸ್ಪತ್ರೆಗಳನ್ನು ನಿಲ್ಲಿಸಿದ್ದ ಅದೇ ಹುಳು ಪಶ್ಚಿಮಘಟ್ಟದ ಹಳ್ಳಿಯೊಂದರ ಪಂಚಾಯತಿಗೂ ಬಂದಿತ್ತು. ಅದು ಹರಡಿದ್ದು ಎಸ್‌ಎಂಬಿಯ ಮೊದಲ ಆವೃತ್ತಿಯ ಬಿರುಕಿನ ಮೂಲಕ. ಆ ಬಿರುಕಿಗೆ ತೇಪೆ ಮಾರ್ಚಿನಲ್ಲೇ ಬಂದಿತ್ತು, ಹಾಕಿಕೊಳ್ಳದವರೇ ಹೆಚ್ಚು. ಅದೇ ವರ್ಷದ ಕೊನೆಗೆ ವಿಂಡೋಸ್ 10ರಲ್ಲಿ ಮೊದಲ ಆವೃತ್ತಿಯನ್ನು ತಾನಾಗಿ ಸ್ಥಾಪಿಸುವುದನ್ನು ಬಹುಮಟ್ಟಿಗೆ ನಿಲ್ಲಿಸಿದರು. ಹಳೆಯ ಸ್ಕ್ಯಾನರು, ಹಳೆಯ ಡಿಸ್ಕು ಕಾಣಿಸುವುದಿಲ್ಲವೆಂದು ಅದನ್ನು ಮತ್ತೆ ಹಚ್ಚಿಕೊಡುವ ಅಂಗಡಿಗಳಿವೆ. ದಯವಿಟ್ಟು ಹಚ್ಚಿಸಿಕೊಳ್ಳಬೇಡಿ. ನನ್ನ ಸಾಲಿನಲ್ಲಿ ಮೂರನೆಯ ಆವೃತ್ತಿಯೇ ಬೇಕೆಂದು ಸ್ಪಷ್ಟವಾಗಿ ಬರೆದಿದೆ.

ತಿರುವನಂತಪುರದ ಕಳಕ್ಕೂಟದಲ್ಲಿ ತಂಗಿ ಇದ್ದಾಳೆ, ಟೆಕ್ನೋಪಾರ್ಕಿನ ಪಕ್ಕ. ಮಾವನ ಧ್ವನಿಕಡತ ಕೇಳಿ ತಿದ್ದುವ ಅರ್ಧ ಕೆಲಸ ಅವಳದು. ಭಾಗವತಿಕೆಯ ಪದ ಅವಳಿಗೆ ಬಾಯಿಗೇ ಬರುತ್ತದೆ. ಅವಳಿಗೂ ಅದೇ ಫೋಲ್ಡರು ಬೇಕು. ಎಸ್‌ಎಂಬಿಯ 445ನೇ ಬಾಗಿಲನ್ನು ನೇರವಾಗಿ ಇಂಟರ್ನೆಟ್ಟಿಗೆ ತೆರೆಯುವುದು ತರಿಯೋಡಿನ ಕತೆಯನ್ನು ಮನೆಗೆ ಕರೆದಂತೆ. ಎರಡೂ ಮನೆಗಳ ನಡುವೆ ವೈರ್‌ಗಾರ್ಡ್ ಎಂಬ ಗುಪ್ತ ಸುರಂಗ ಹಾಕಿ ಅದರೊಳಗಿಂದ ಕೊಟ್ಟೆ. ಸುಮಾರು 200 ಕಿಲೋಮೀಟರು. ಮನೆಯೊಳಗೆ ಕಣ್ಣು ಮಿಟುಕಿಸುವಷ್ಟರಲ್ಲಿ ತೆರೆಯುವ ಫೋಲ್ಡರು ಅಲ್ಲಿ ತುಸು ತಡೆದು ತೆರೆಯುತ್ತದೆ, ಏಕೆಂದರೆ ಒಂದೊಂದು ಕಡತದ ಹೆಸರಿಗೂ ಪ್ರಶ್ನೆ ಇಲ್ಲಿಗೆ ಬಂದು ಉತ್ತರ ಅಲ್ಲಿಗೆ ಹೋಗಬೇಕು. ಸುರಂಗ ಕಡಿದ ದಿನ ಅವಳ ಲ್ಯಾಪ್‌ಟಾಪು ನಿಲ್ಲದಿರುವುದಕ್ಕೂ ಅದೇ ‘ನೋಫೇಲ್’, ಅದೇ ಹತ್ತು ಸೆಕೆಂಡು ಸಾಕಾಯಿತು.

ಕನ್ನಡದಲ್ಲಿ ಹೆಸರಿಡುವವರಿಗೆ ಬರುವ ಒಂದು ತೊಡಕು ಅವಳ ಕಡೆಯಿಂದ ಬಂತು. ಮೊದಲು ಅವಳ ಬಳಿ ಒಂದು ಹಳೆಯ ಮ್ಯಾಕ್ ಇತ್ತು. ಅದರಿಂದ ನಕಲಾಗಿ ಬಂದ ಕೆಲವು ಕಡತಗಳು ಪಟ್ಟಿಯಲ್ಲಿ ಎರಡೆರಡು ಸಲ ಕಾಣತೊಡಗಿದವು: ‘ಶ್ರೀಕೃಷ್ಣ ಸಂಧಾನ ಕೋಟೂರು’ ಎಂದು ಒಂದು, ಅದೇ ಅಕ್ಷರಗಳಲ್ಲಿ ಇನ್ನೊಂದು. ಮ್ಯಾಕಿನ ಹಳೆಯ ಕಡತ ವ್ಯವಸ್ಥೆ ‘ಕೋ’ ಎಂಬುದರ ಓತ್ವವನ್ನು ಒಂದೇ ಚಿಹ್ನೆಯಾಗಿ ಇಡದೆ ತುಂಡು ತುಂಡಾಗಿ ಬಿಡಿಸಿ ಇಡುತ್ತಿತ್ತು. ಯೂನಿಕೋಡಿನಲ್ಲಿ ಎರಡೂ ಸಮಾನ, ಕಣ್ಣಿಗೂ ಒಂದೇ. ಲಿನಕ್ಸಿಗೆ ಮಾತ್ರ ಬೈಟುಗಳು ಬೇರೆಯಾದರೆ ಹೆಸರೂ ಬೇರೆ. ಹೆಸರಿನಿಂದ ಹುಡುಕಿದರೆ ಒಂದು ಸಿಕ್ಕುತ್ತದೆ, ಇನ್ನೊಂದು ಸಿಕ್ಕುವುದಿಲ್ಲ. ಇಂಗ್ಲಿಷಿನಲ್ಲಷ್ಟೇ ಹೆಸರಿಡುವವರಿಗೆ ಇದು ತಟ್ಟುವುದೇ ಇಲ್ಲ. ‘ಕನ್ವ್‌ಎಂವಿ’ ಎಂಬ ಸಣ್ಣ ತಂತ್ರಾಂಶದಿಂದ ಎಲ್ಲ ಹೆಸರುಗಳನ್ನೂ ಕೂಡಿಸಿದ ರೂಪಕ್ಕೆ ತಂದೆ. ಹೆಸರನ್ನು ಇಂಗ್ಲಿಷಿನಲ್ಲಿ ಬರೆದರೆ ತಾಪತ್ರಯವಿಲ್ಲ ಎಂದವರಿದ್ದರು. ಸಂಧಾನಕ್ಕೆ ಸಂಧಾನವೆಂದೇ ಹೆಸರಿರಬೇಕು.

ಎಫ್‌ಎಸ್‌ಟ್ಯಾಬಿನಲ್ಲಿ ಸಾಲಿನ ಮೊದಲಿಗೆ ಹ್ಯಾಶ್ ಗುರುತು ಹಾಕಿದರೆ ಅದು ಟಿಪ್ಪಣಿ; ಯಂತ್ರ ಅದನ್ನು ಓದದೆ ದಾಟುತ್ತದೆ. ನಾನು ಸೇರಿಸಿದ ಸಾಲಿನ ಮೇಲೆ ಪ್ರತಿ ಷರತ್ತಿಗೂ ಒಂದೊಂದು ಟಿಪ್ಪಣಿಯನ್ನು ಕನ್ನಡದಲ್ಲೇ ಬರೆದಿಟ್ಟಿದ್ದೇನೆ. ಯಾವುದು ಏಕೆ, ತೆಗೆದರೆ ಏನಾಗುತ್ತದೆ ಎಂದು. ಮಾವ ಅದನ್ನು ತಮ್ಮ ನೋಟುಬುಕ್ಕಿಗೂ ನಕಲು ಮಾಡಿಕೊಂಡರು, ಮೇಷ್ಟ್ರ ಅಕ್ಷರದಲ್ಲಿ, ಅಂಚು ಬಿಟ್ಟು. ಮೊನ್ನೆ ಅವರ ಹಳೆಯ ಸಹೋದ್ಯೋಗಿಯೊಬ್ಬರು ಮುಳ್ಳೇರಿಯದಿಂದ ಫೋನು ಮಾಡಿದ್ದರು. ಅವರ ಮಗನೂ ಮನೆಯಲ್ಲಿ ಇಂಥದೇ ಡಿಸ್ಕು ಇಟ್ಟಿದ್ದಾನಂತೆ, ಕರೆಂಟು ಹೋದರೆ ಬರುವುದಿಲ್ಲವಂತೆ. ಮಾವ ಕನ್ನಡಕ ಹಾಕಿಕೊಂಡು, ನೋಟುಬುಕ್ಕು ಬಿಡಿಸಿ, “ಬರ್ಕೊಳ್ಳಿ, ಮೊದಲಿಗೆ ಎಫ್‌ಎಸ್‌ಟ್ಯಾಬ್” ಎಂದು ಶುರುಮಾಡಿದರು.